ಮಾಸಿದ ಹಸಿರು

ಗೋಡೆಯನ್ನು ಪೊಟ್ಟಣ ಕಟ್ಟಿ ತರುವವರನ್ನು ನೀವು ನೋಡಿದ್ದೀರಾ? ಮಣಿಪಾಲದ ನಮ್ಮ ಗೃಹಸಾಮಗ್ರಿ ಮಳಿಗೆಯಲ್ಲಿ, ಬಣ್ಣದ ಕೌಂಟರಿನ ಹಿಂದೆ ನಿಂತವನಿಗೆ ಅದು ದಿನನಿತ್ಯದ ನೋಟ. ಜನ ಕಾಗದ ಬಿಚ್ಚಿ, ಗೋಡೆಯಿಂದ ಕೆರೆದ ಉಗುರಗಲದ ಚೂರನ್ನು ಮುಂದಿಟ್ಟು ಇದೇ ಬಣ್ಣ ಬೇಕೆನ್ನುತ್ತಾರೆ. ಯಂತ್ರ ಅದನ್ನು ಓದಿ ಯಾವುದಕ್ಕೆ ಯಾವುದನ್ನು ಬೆರೆಸಬೇಕೆಂದು ಹೇಳುತ್ತದೆ. ಬಾಗಲಕೋಟೆಯಿಂದ ಹೊಟ್ಟೆಪಾಡಿಗೆ ಬಂದು, ಈ ಕರಾವಳಿಯ ಉಪ್ಪುಗಾಳಿ ಬಣ್ಣಗಳನ್ನು ಹೇಗೆ ತಿನ್ನುತ್ತದೆಂದು ಕಲಿತ ನಾನು, ಅದಕ್ಕೆ ಕೊಂಚ ಹೊಳಪು ಕೂಡಿಸಿಯೇ ಕೊಡುತ್ತೇನೆ. ಜನರಿಗೆ ಬೇಕಾದದ್ದು ಮಾಸುವ ಮೊದಲಿನ ಬಣ್ಣವೆಂದೇ ನನ್ನ ನಂಬಿಕೆ.

ಕಳೆದ ವಾರ ಕಲ್ಯಾಣಪುರದ ಒಬ್ಬ ಹೆಂಗಸು ತಂದ ತಿಳಿಹಸಿರು ಚೂರಿಗೂ ಹಾಗೆಯೇ ಮಾಡಿದೆ. ಡಬ್ಬಿಯ ಮುಚ್ಚಳ ತೆಗೆದಾಗ ಅವರ ಮುಖ ಸಪ್ಪಗಾಯಿತು.

"ಇದು ಹೊಸತರಲ್ಲಿ ಇದ್ದ ಹಸಿರು. ನನಗೆ ಈಗ ಉಂಟಲ್ಲ, ಅದೇ ಬೇಕು."

"ಅದು ಮಾಸಿ ಹೋಗಿದೆಯಲ್ಲ ಅಮ್ಮ?"

"ಮಾಸಿದ್ದೇ ಬೇಕು."

ಪಾರ್ಶ್ವವಾಯು ಬಡಿದ ಮೇಲೆ ಅವರ ಗಂಡ ಮಂಚದಲ್ಲಿ ಗೋಡೆಗೊರಗಿಯೇ ಕೂರುತ್ತಿದ್ದರಂತೆ. ತಲೆಯ ಎಣ್ಣೆ ತಾಗಿ ಅಲ್ಲೊಂದು ಕಲೆ ಉಳಿದಿದೆ. ಅವರು ತೀರಿಕೊಂಡು ವರ್ಷವಾಗುತ್ತಾ ಬಂತು; ಈಗ ವರ್ಷಾಂತಿಕಕ್ಕೆ ಮುಂಚೆ ಮೈದುನ ಮನೆಗೆಲ್ಲ ಬಣ್ಣ ಹೊಡೆಸುತ್ತಿದ್ದಾನೆ.

"ಆ ಒಂದು ಗೋಡೆ ಬಿಡು ಅಂದೆ. ಬಾಕಿ ಮೂರರ ನಡುವೆ ಅದೊಂದು ಬೇರೆ ಕಂಡರೆ ಅದಕ್ಕೂ ಹೊಡೆಸ್ತೇನೆ ಅಂತಾನೆ. ಅದಕ್ಕೇ ಬಾಕಿ ಮೂರಕ್ಕೂ ಈ ಮಾಸಿದ ಬಣ್ಣವೇ ಬೇಕು. ಅವರು ಕೂತಿದ್ದರು ಅನ್ನಲಿಕ್ಕೆ ಉಳಿದದ್ದು ಅದೊಂದೇ ಮಾರಾಯ್ರೇ."

ನನಗೆ ಸಂಕಟವಾಯಿತು. ಎಣ್ಣೆಯ ಕಲೆ ಮಹಾ ಹಟಮಾರಿ, ಎಷ್ಟು ಬಣ್ಣ ಬಳಿದರೂ ಹಣಿಕಿ ಹಾಕುತ್ತದೆ ಎಂದು ಗಿರಾಕಿಗಳನ್ನು ಹೆದರಿಸಿ ಪ್ರೈಮರ್ ಮಾರುವವನು ನಾನು. ಮನೆಯೆಂದರೆ ನಾವು ಮಾರುವ ಹಂಚು, ನಲ್ಲಿ, ಬಣ್ಣಗಳೆಂದು ತಿಳಿದಿದ್ದೆ. ಅದರಲ್ಲಿ ಬದುಕಿದವರ ಬೆವರು, ಬೆನ್ನು, ತಲೆಯೆಣ್ಣೆಗಳು ಸೇರಿದ ಮೇಲಷ್ಟೇ ಅದು ಯಾರದೋ ಮನೆಯಾಗುತ್ತದೆ. ನಾವು ಮಾತ್ರ ಅದನ್ನು ಕೊಳೆಯೆಂದು ಕರೆದು ಒರೆಸುತ್ತಾ ಬಂದಿದ್ದೇವೆ.

ಮತ್ತೊಂದು ಡಬ್ಬಿ ತೆಗೆದು ಯಂತ್ರ ಹೇಳಿದಂತೆಯೇ ಬೆರೆಸಿದೆ; ಆದರೂ ಚೂರಿಗೆ ಹೊಂದಲಿಲ್ಲ. ಹಸಿರಿಗೆ ಕಾವಿ ಬೆರೆಸಿದೆ, ಹನಿ ಕಪ್ಪು ಬಿಟ್ಟೆ, ನಮೂನೆಯ ಕಾರ್ಡಿಗೆ ಸವರಿ ಒಣಗಿಸಿ ಚೂರಿನ ಪಕ್ಕ ಹಿಡಿದೆ. ಅವರು ಅಲ್ಲವೆಂದು ತಲೆಯಲ್ಲಾಡಿಸಿದರು. ಇನ್ನಷ್ಟು ಮಾಸಿಸಿದೆ. ಹೊಚ್ಚಹೊಸ ಬಣ್ಣಕ್ಕೆ ವಯಸ್ಸು ತುಂಬುವ ಕೆಲಸ ನನಗೆ ಅದೇ ಮೊದಲು. ಕೊನೆಗೆ ಚೂರು ಯಾವುದು, ಕಾರ್ಡು ಯಾವುದು ಎಂದು ನನಗೇ ತಿಳಿಯದಾಯಿತು.

ಅವರು ಕಾರ್ಡನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇದೇ," ಎಂದರು. "ಅವರು ಹೋದ ದಿನ ಗೋಡೆ ಹೀಗೇ ಇತ್ತು."