ಗಂಜಿಗೆ ತಟ್ಟಿದ ಚಪ್ಪಾಳೆ

ಸಭೆಯಲ್ಲಿ ಮೊದಲ ಚಪ್ಪಾಳೆ ತಟ್ಟುವವನಿಗೆ ಒಂದು ವಿಶೇಷ ಅಧಿಕಾರವಿದೆ, ಗಮನಿಸಿದ್ದೀರಾ? ಉಳಿದವರು ತಟ್ಟಬೇಕೋ ಬೇಡವೋ ಎಂದು ಅನುಮಾನಿಸುತ್ತಿರುವಾಗ ಅವನು ತಟ್ಟಿಬಿಟ್ಟರೆ, ಇವನಿಗೆಲ್ಲ ತಿಳಿದಿದೆ ಎಂದು ಸಭೆಗೆ ಸಭೆಯೇ ನಂಬಿಬಿಡುತ್ತದೆ. ಆಗೀಗ ಕಲಾವಿಮರ್ಶೆ ಬರೆಯುವ ನಾನು ಈ ಅಧಿಕಾರವನ್ನು ಧಾರಾಳವಾಗಿ ಚಲಾಯಿಸುತ್ತ ಬಂದವನು. ನನ್ನ ಅಂಗೈಗಳಿಗೂ ಸ್ವಲ್ಪ ಪಾಂಡಿತ್ಯ ಅಂಟಿದೆಯೆಂಬ ಭ್ರಮೆ ಬೇರೆ.

ಮೊನ್ನೆ ಕಾರವಾರದಲ್ಲಿ ನಡೆದ, ಕೇಣಿ ಊರಿನ ಸುಜಾತಾಳ ಚಿತ್ರಪ್ರದರ್ಶನಕ್ಕೆ ನಾನೇ ಮುಖ್ಯ ಅತಿಥಿ. ಅವಳ ತಾಯಿ ಕೊರೋನಾ ಕಾಲದಲ್ಲಿ ಆಸ್ಪತ್ರೆಯಲ್ಲೇ ತೀರಿಕೊಂಡವರು. ಹೆಣ ಮನೆಗೆ ಬರಲಿಲ್ಲ, ಕೇರಿಯವರು ಬಾಗಿಲಿಗೆ ಬರಲಿಲ್ಲ. ಗೋಡೆಯ ತುಂಬ ತಾಯಿಯಿಲ್ಲದ ಮನೆಯ ಚಿತ್ರಗಳು: ಬೋರಲು ಹಾಕಿದ ಮೀನುಬುಟ್ಟಿ, ಬಟ್ಟೆಯಿಲ್ಲದ ಹಗ್ಗ, ತಣ್ಣಗಿನ ಒಲೆ. ನಡುವೆ ನೆಲದ ಮೇಲೆ ಕುಳಿತ ಸುಜಾತಾ ತಾಯಿಯ ಸೀರೆಯೊಂದನ್ನು ಮಡಿಸುತ್ತಾಳೆ, ಬಿಚ್ಚುತ್ತಾಳೆ, ಮತ್ತೆ ಮಡಿಸುತ್ತಾಳೆ. ಮಾತಿಲ್ಲ, ಹಾಡಿಲ್ಲ, ಇಂದಿನ ಪ್ರದರ್ಶನಕಲೆ ಹೀಗೇ. ನಾನಾದರೋ ‘ಶೋಕದ ಅಮೂರ್ತೀಕರಣ’ ಎಂಬ ಘನಶಬ್ದವೊಂದನ್ನು ಭಾಷಣಕ್ಕಾಗಿ ಒಳಗೊಳಗೇ ತಿಕ್ಕಿ ಹೊಳಪಿಸುತ್ತಿದ್ದೆ.

ಆಗ ಹಿಂದಿನ ಸಾಲಿನಿಂದ ಅವಳ ನೆರೆಮನೆಯ ನಾಗಮ್ಮ ಎದ್ದು ಬಂದಳು. ಸುಜಾತಾಳ ಎದುರು ಕುಳಿತು, ಚೀಲದಿಂದ ಸ್ಟೀಲಿನ ಡಬ್ಬಿ ತೆಗೆದು, ಬಟ್ಟಲಿಗೆ ಗಂಜಿ ಬಗ್ಗಿಸಿದಳು. ಆಹಾ, ಪ್ರದರ್ಶನಕ್ಕೆ ಎಂಥ ಅನಿರೀಕ್ಷಿತ ಮುಕ್ತಾಯ ಎಂದುಕೊಂಡ ನಾನು ಎದ್ದುನಿಂತು ಚಪ್ಪಾಳೆ ತಟ್ಟಿದೆ. ಸಭೆಯೂ ತಟ್ಟಿತು. ನಾಗಮ್ಮ ಗಾಬರಿಯಿಂದ ಹಿಂತಿರುಗಿ ನೋಡಿ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಸದ್ದು ಅಡಗಿದ ಮೇಲೆ ಅವಳ ಮಾತು ಕೇಳಿಸಿತು. “ಆವಾಗ ಹೆದ್ರಿ ಬರೂಕಾಗ್ಲಿಲ್ಲ ಮಗಾ. ಈಗಾದ್ರೂ ಎರಡು ಗುಟುಕು ಕುಡಿ.”

ಸುಜಾತಾ ಸೀರೆಯಲ್ಲಿ ಮುಖ ಹುದುಗಿಸಿ ಅತ್ತಳು. ಆಮೇಲೆ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದಳು.

ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಯವರು ಗಂಜಿ ಒಯ್ಯುತ್ತಾರೆ ಎಂಬುದನ್ನು ನನಗೇನು ಯಾರೂ ಹೇಳಿಕೊಡಬೇಕಿರಲಿಲ್ಲ. ಅಪ್ಪ ಹೋದ ದಿನ ಬೊಬ್ರುವಾಡದ ನಮ್ಮ ಮನೆಗೂ ಹಾಗೆಯೇ ಬಂದಿತ್ತು, ಕುಡಿದಿದ್ದೆ. ಅದೇ ಗಂಜಿ ಸಭಾಂಗಣದ ದೀಪದಡಿ ಬಂದಾಗ ನನಗೆ ಗುರುತು ಸಿಗಲಿಲ್ಲ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಮೈಕು ನನ್ನ ಮುಂದೆ ಬಂದಾಗ ಕೈಮುಗಿದು ಕುಳಿತುಬಿಟ್ಟೆ.

ಹೊರಡುವಾಗ ಸಂಘಟಕರು ನನ್ನ ಕೈ ಹಿಡಿದುಕೊಂಡರು. “ಸರ್, ಮಾತಾಡದೇ ಕೂತ್ರಲ್ಲ, ಅದೇ ಇವತ್ತಿನ ದೊಡ್ಡ ಭಾಷಣ ನೋಡಿ.”

ನಿಜ ಹೇಳಬಹುದಿತ್ತು, ನಾಗಮ್ಮ ಅಲ್ಲೇ ಬಾಗಿಲ ಬಳಿ ಡಬ್ಬಿಯ ಮುಚ್ಚಳ ಬಿಗಿಯುತ್ತಿದ್ದಳು. “ಏನೋ, ಎಲ್ಲ ನಿಮ್ಮ ಅಭಿಮಾನ” ಎಂದೆ.