ಅವರೆ, ಅವರೇ

ನಮ್ಮ ಮನೆಯಲ್ಲಿರುವುದು ಮೂರೇ ಜನ. ಆದರೂ ನಾಲ್ಕನೆಯವನೊಬ್ಬ ಇದ್ದಾನೆ. ಅವನ ಹೆಸರು 'ಯಾರೋ'. ಮಿಕ್ಸಿ ಜಾರಿನ ಮುಚ್ಚಳ ಒಡೆದದ್ದು ಯಾರೋ. ಡಬ್ಬದಲ್ಲಿದ್ದ ಕೊನೆಯ ಕೋಡುಬಳೆ ತಿಂದದ್ದು ಯಾರೋ. ಎ.ಸಿ. ಹಾಕಿ ಬಾಗಿಲು ತೆರೆದಿಟ್ಟು ಹೋದದ್ದೂ ಯಾರೋ. ಮಗಳು ಅವನನ್ನು ಇಂಗ್ಲಿಷಿನಲ್ಲಿ 'ಸಮ್‌ಬಡಿ' ಎನ್ನುತ್ತಾಳೆ, ನನ್ನ ಗಂಡ ಕನ್ನಡದಲ್ಲಿ 'ಯಾರೋ' ಎನ್ನುತ್ತಾರೆ. ಆಸಾಮಿ ಒಬ್ಬನೇ. ಬಾಡಿಗೆ ಒಪ್ಪಂದದಲ್ಲಿ ಹೆಸರಿಲ್ಲದೆ, ವೀಸಾ ಇಲ್ಲದೆ ಹನ್ನೆರಡು ವರ್ಷದಿಂದ ದುಬೈಯಲ್ಲಿ ಆರಾಮವಾಗಿದ್ದಾನೆ.

ಈ ಪದದ ಭಾರ ನನಗೆ ಗೊತ್ತಾದದ್ದು ಪಕ್ಕದ ಮನೆಯವರಿಂದ. ಡಿಸ್ಕವರಿ ಗಾರ್ಡನ್ಸ್ ಎಂಬ ಬಡಾವಣೆಯಲ್ಲಿ ನಮ್ಮದು ನೆಲಮಹಡಿ. ಅಡುಗೆಮನೆ ದಾಟಿದರೆ ಸಣ್ಣ ಅಂಗಳ, ಸೊಂಟದೆತ್ತರದ ಬೇಲಿಗಿಡ, ಅದರಾಚೆ ಅವರ ಅಂಗಳ. ಅವರು ಅಮೆರಿಕದ ದಕ್ಷಿಣದ ಕಡೆಯವರು, ಕಪ್ಪು ಜನ. ಇಲ್ಲಿನ ಒಂದು ಶಾಲೆಯಲ್ಲಿ ಸಂಗೀತ ಕಲಿಸುತ್ತಾರೆ. ವಯಸ್ಸು ಅರವತ್ತರ ಹತ್ತಿರ. ಮೊದಮೊದಲು ನಾನು 'ಮೇಡಂ' ಅನ್ನುತ್ತಿದ್ದೆ. ನಿಮ್ಮ ಕಡೆ ದೊಡ್ಡ ಹೆಂಗಸರನ್ನು ಏನಂತ ಕರೆಯುತ್ತೀರಿ ಎಂದು ಒಂದು ದಿನ ಕೇಳಿದರು. 'ಅಕ್ಕ' ಅಂದೆ. ಆವತ್ತಿನಿಂದ 'ಅಕ್ಕಾ' ಅನ್ನದಿದ್ದರೆ ತಿರುಗಿಯೂ ನೋಡುವುದಿಲ್ಲ. ನಮ್ಮಿಬ್ಬರ ಮಾತೆಲ್ಲ ಇಂಗ್ಲಿಷಿನಲ್ಲೇ, ಇಲ್ಲಿ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ.

ನನ್ನ ಕೆಲಸದ ಬಗ್ಗೆಯೂ ಎರಡು ಮಾತು ಹೇಳಬೇಕು, ಏಕೆಂದರೆ ಅದರ ಬಗ್ಗೆ ನನಗೆ ಸ್ವಲ್ಪ ಜಂಬ ಇದೆ. ಒಂದು ಆಸ್ಪತ್ರೆಯಲ್ಲಿ ಡಾಕ್ಟರುಗಳು ಬಾಯಲ್ಲಿ ಹೇಳಿ ರೆಕಾರ್ಡ್ ಮಾಡಿದ್ದನ್ನು ಕೇಳಿ ಟೈಪ್ ಮಾಡುವವಳು ನಾನು. ಈಜಿಪ್ಟಿನವರು, ಕೇರಳದವರು, ಮಾಸ್ಕ್ ತೆಗೆಯದೆ ಮಾತಾಡುವವರು, ಖುಬ್ಬೂಸ್ ರೊಟ್ಟಿ ಅಗಿಯುತ್ತ ಮೂತ್ರಪಿಂಡದ ವರದಿ ಕೊಡುವವರು, ಎಲ್ಲರನ್ನೂ ಈ ಎರಡು ಕಿವಿಗಳು ದಾರಿಗೆ ತಂದಿವೆ. ಈಗೀಗ ಮೊದಲ ಪ್ರತಿಯನ್ನು ಕಂಪ್ಯೂಟರೇ ಮಾಡುತ್ತದೆ, ನಾನು ತಿದ್ದುತ್ತೇನೆ. ಆ ಯಂತ್ರಕ್ಕೂ ನನಗೂ ಆಗಿಬರುವುದಿಲ್ಲ. ಕೇಳಿಸದಿದ್ದರೆ ಜಾಗ ಖಾಲಿ ಬಿಡಬೇಕು, ಊಹಿಸಿ ತುಂಬಬಾರದು ಎನ್ನುವುದು ನಮ್ಮ ಕೆಲಸದ ಮೊದಲ ಪಾಠ. ಯಂತ್ರಕ್ಕೆ ಆ ನಾಚಿಕೆಯೇ ಇಲ್ಲ. ಕೇಳಿಸಲಿ ಬಿಡಲಿ, ಏನೋ ಒಂದನ್ನು ಧೈರ್ಯವಾಗಿ ಬರೆದು ಕೂರುತ್ತದೆ.

ನಾನು ತುಮಕೂರು ಕಡೆಯವಳು. ಜನವರಿ ಬಂತೆಂದರೆ ಅವರೆಕಾಯಿ ಬೇಕೇ ಬೇಕು. ಹಳೆಯ ದುಬೈಯ ನೈಫ್ ಬಡಾವಣೆಯ ಒಂದು ಗಲ್ಲಿಯ ತರಕಾರಿ ಅಂಗಡಿಗೆ ವಾರಕ್ಕೊಮ್ಮೆ ವಿಮಾನದಲ್ಲಿ ಬರುತ್ತದೆ. ನನ್ನ ಗಂಡ ಗೊಣಗುತ್ತಲೇ ಮೆಟ್ರೋದಲ್ಲಿ ಚೀಲ ಹೊತ್ತು ತರುತ್ತಾರೆ, ಬೋಗಿಯಲ್ಲಿರುವವರೆಲ್ಲ ಸೊಗಡಿಗೆ ತಿರುಗಿ ನೋಡುತ್ತಾರಂತೆ. ಆ ವರ್ಷವೂ ಅಂಗಳದಲ್ಲಿ ಕೂತು ಕಾಯಿ ಬಿಡಿಸುತ್ತಿದ್ದೆ. ಅಕ್ಕ ಬೇಲಿಯ ಮೇಲಿಂದ ಬಗ್ಗಿ ನೋಡಿ, ಕೇಳದೆಯೇ ಬಂದು ಕೂತುಬಿಟ್ಟರು. ಅವರ ಬೆರಳು ಓಡಿದ್ದು ನೋಡಿದರೆ ಹುಟ್ಟಿದಾಗಿನಿಂದ ಅದೇ ಕೆಲಸ ಮಾಡಿದಂತಿತ್ತು. ಅವರ ಅಜ್ಜಿ ಮನೆ ಮುಂದಿನ ಜಗಲಿಯಲ್ಲಿ ಕೂತು ಹೀಗೇ ಅಲಸಂದೆ ಬಿಡಿಸುತ್ತಿದ್ದರಂತೆ. ಮರುದಿನ ನೆನೆಸಿದ ಕಾಳನ್ನು ಹಿತಕುವುದಕ್ಕೂ ಬಂದರು. ಅವರು ಹಿತಕಿದ ಒಂದು ಕಾಳು ಪಟ್ಟನೆ ಹಾರಿ ನನ್ನ ಗಂಡನ ಕನ್ನಡಕಕ್ಕೆ ಬಡಿಯಿತು. ಇದು ಯಾರ ಕೆಲಸ ಎಂದು ಅವರು ಕೇಳಿದರೆ ನಾವಿಬ್ಬರೂ ಒಟ್ಟಿಗೆ 'ಯಾರೋ' ಅಂದೆವು. ಅಷ್ಟರಲ್ಲಾಗಲೇ ಆ ಪದ ಅಕ್ಕನಿಗೂ ಬರುತ್ತಿತ್ತು.

ನಕ್ಕು ಮುಗಿದ ಮೇಲೆ ಅಕ್ಕ ಹಾರಿದ ಕಾಳನ್ನು ಹೆಕ್ಕಿ ಬೋಗುಣಿಗೆ ಹಾಕಿದರು. ಆಮೇಲೆ ತಮ್ಮ ಮನೆಯ 'ಯಾರೋ' ಬಗ್ಗೆ ಹೇಳಿದರು.

ಅವರ ಅಜ್ಜಿಗೆ ಒಬ್ಬ ಅಣ್ಣನಿದ್ದ. ಹತ್ತೊಂಬತ್ತು ವರ್ಷದವನು. ಬಿಳಿಯ ಅಂಗಡಿಯವನೊಬ್ಬನಿಗೆ ಎದುರು ಮಾತಾಡಿದ ಎಂಬಷ್ಟಕ್ಕೆ ಒಂದು ಗುಂಪು ಮನೆಗೆ ನುಗ್ಗಿ ಎಳೆದುಕೊಂಡು ಹೋಗಿ ಮರಕ್ಕೆ ನೇತುಹಾಕಿತು. ಅಜ್ಜಿ ಆಗ ಸಣ್ಣ ಹುಡುಗಿ, ಮಂಚದ ಕೆಳಗಿದ್ದಳು. ವಿಚಾರಣೆಯ ಕಾಗದದಲ್ಲಿ ಬರೆದದ್ದು ಇಷ್ಟೇ: ಅಪರಿಚಿತರ ಕೈಯಲ್ಲಿ ಸತ್ತ. ಕಪ್ಪು ಜನರನ್ನು ಹೀಗೆ ಗುಂಪು ಕಟ್ಟಿ ಕೊಂದಾಗಲೆಲ್ಲ ಆ ಸೀಮೆಯಲ್ಲಿ ಹಾಗೇ ಬರೆಯುವುದು ರೂಢಿಯಾಗಿತ್ತಂತೆ. ಹಾಡುಹಗಲು, ಊರ ನಡುವೆ ಆದದ್ದಕ್ಕೂ 'ಯಾರೋ'.

ಈಗ ಇತಿಹಾಸಕಾರರು ಆ ಹಳೆಯ ಕಾಗದಗಳನ್ನೆಲ್ಲ ಮತ್ತೆ ತೆಗೆದು ಓದುತ್ತಿದ್ದಾರೆ. ಆ ಸೀಮೆಯ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿಯೊಬ್ಬರು ಅಕ್ಕನ ಮನೆತನವನ್ನು ಹುಡುಕಿ ತೆಗೆದಿದ್ದರು. ಊರವರು ಆ ಜಾಗದಲ್ಲಿ ಒಂದು ಫಲಕ ನೆಡುತ್ತಾರಂತೆ. ಅದರ ಬರಹದ ಕರಡು ಅಕ್ಕನ ಫೋನಿನಲ್ಲಿತ್ತು, ಒಪ್ಪಿಗೆ ಹೇಳುವುದಕ್ಕೆ ಹದಿನೈದು ದಿನವಿತ್ತು. ಅದರಲ್ಲೂ 'ಅಪರಿಚಿತರು' ಎಂದೇ ಇತ್ತು.

ಅಕ್ಕನಿಗೆ ಉರಿದದ್ದು ಅದಕ್ಕೆ. ಲೋಹದಲ್ಲಿ ಎರಕ ಹೊಯ್ದ ಮೇಲೆ ಆ ಸುಳ್ಳು ಇನ್ನೂ ನೂರು ವರ್ಷ ನಿಲ್ಲುತ್ತದೆ ಎಂದರು. ಪ್ರಾಧ್ಯಾಪಕಿ ಕೆಟ್ಟವರೇನಲ್ಲ, ಪುರಾವೆ ಕೇಳುತ್ತಿದ್ದರು, ಅಷ್ಟೇ. ಇದ್ದ ಪುರಾವೆ ಒಂದೇ, ಅಜ್ಜಿಯ ಮುಪ್ಪಿನಲ್ಲಿ ಅಕ್ಕನ ತಾಯಿ ಜಗಲಿಯ ಮೇಲೆ ಮಾಡಿಕೊಂಡಿದ್ದ ಕ್ಯಾಸೆಟ್. ಅಲ್ಲಿಯೂ ಇಂಥದೇ ಒಂದು ಯಂತ್ರ ಅದನ್ನು ಕೇಳಿ ಬರೆದುಕೊಟ್ಟಿತ್ತು: 'ಸಮ್ ಮೆನ್' ಬಂದರು, ಅಂದರೆ ಯಾರೋ ಕೆಲವರು ಗಂಡಸರು ಬಂದರು. ಹಳೆಯ ಕಾಗದಕ್ಕೆ ಅದು ಸರಿಹೊಂದಿದ್ದರಿಂದ ಯಾರೂ ಮತ್ತೆ ಕೇಳಿರಲಿಲ್ಲ. 'ಸಮ್ ಮೆನ್' ಆದಮೇಲೆ ನಾಲ್ಕೈದು ಸೆಕೆಂಡು ಬರೀ ಗಲಾಟೆ.

ಯಂತ್ರ ಬರೆದದ್ದು ಎಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. 'ಕೊಡಿ ಇಲ್ಲಿ' ಅಂದೆ.

ನಿಮಗೇನು ಕೇಳಿಸಬೇಕು ಎಂದು ಮಾತ್ರ ಹೇಳಬೇಡಿ ಎಂದು ಅಕ್ಕನಿಗೆ ಷರತ್ತು ಹಾಕಿ, ಮೂರು ಸಂಜೆ ಹೆಡ್‌ಫೋನ್ ಹಾಕಿಕೊಂಡು ಕೂತೆ. ಮುದುಕಿಯ ದನಿ ನಿಧಾನ, ಎಳೆದೆಳೆದು ಆಡುವ ಮಾತು. ಅದರ ಮೇಲೆ ಟಣಟಣ ಸದ್ದು. ಅದೇನೆಂದು ಎರಡು ದಿನ ಗೊತ್ತಾಗಲಿಲ್ಲ. ಮೂರನೆಯ ಸಂಜೆ ಸೋತು, ಹೆಡ್‌ಫೋನ್ ತೆಗೆಯದೆಯೇ ಅವರೆಕಾಯಿ ಬಿಡಿಸಲು ಕೂತೆ. ಸ್ಟೀಲ್ ಬೋಗುಣಿಗೆ ಕಾಳು ಬಿದ್ದ ಸದ್ದೂ ಕಿವಿಯೊಳಗಿನ ಸದ್ದೂ ಒಂದೇ ಆಗಿತ್ತು. ಅಜ್ಜಿ ತಗಡಿನ ಬೋಗುಣಿಗೆ ಅಲಸಂದೆ ಬಿಡಿಸುತ್ತ ಮಾತಾಡುತ್ತಿದ್ದಳು! ಒಂದು ಸಿಪ್ಪೆಗೆ ಐದಾರು ಕಾಳು, ಆಮೇಲೆ ಹೊಸ ಕಾಯಿ ತೆಗೆದುಕೊಳ್ಳುವಷ್ಟು ಬಿಡುವು. ಆ ತಾಳ ಕೈಗೆ ಸಿಕ್ಕಿದ ಮೇಲೆ ಸದ್ದು ಅಡ್ಡ ಬರುವುದನ್ನು ಬಿಟ್ಟಿತು, ಅಜ್ಜಿ ಮುಂದೆ ಬಂದಳು. ಅವಳು ಹೇಳಿದ್ದು 'ಸಮ್ ಮೆನ್' ಅಲ್ಲ, 'ಸೇಮ್ ಮೆನ್'. ಅದೇ ಗಂಡಸರು. ವಾರ ವಾರ ನಮ್ಮ ಬಾಗಿಲಿಗೆ ಏನಕ್ಕೋ ಬರುತ್ತಿದ್ದ ಅದೇ ಗಂಡಸರು. ಆ 'ಏನಕ್ಕೋ' ಮಾತ್ರ ಎಷ್ಟು ಸಲ ಹಿಂದಕ್ಕೆ ಹಾಕಿ ಕೇಳಿದರೂ ಸಿಗಲಿಲ್ಲ.

ಬೇಲಿಯ ಬಳಿ ಓಡಿಹೋಗಿ ಹೇಳಿದೆ. ಅಕ್ಕ ಬಾಯಿ ಮುಚ್ಚಿಕೊಂಡು ಅತ್ತರು, ನನಗೂ ಅಳು ಬಂತು. ಆಮೇಲೆ ಕಣ್ಣೊರೆಸಿಕೊಂಡು, ಅದೇ ಜನ ಎನ್ನುವುದಕ್ಕೆ ನಿಮ್ಮ ಭಾಷೆಯಲ್ಲಿ ಏನನ್ನುತ್ತೀರಿ ಎಂದು ಕೇಳಿದರು. 'ಅವರೇ' ಅಂದೆ. ಅವರು ನನ್ನ ಕೈಯಲ್ಲಿದ್ದ ಬೋಗುಣಿ ನೋಡಿದರು. ಅದು ಈ ಕಾಳಿನ ಹೆಸರಲ್ಲವೇ ಅಂದರು. ಕಾಳು ಗಿಡ್ಡ, ಜನ ಉದ್ದ ಎಂದು ವಿವರಿಸಿದೆ. ಸಂಗೀತದವರಲ್ಲವೇ, ತಕ್ಷಣ ಹಿಡಿದುಕೊಂಡರು. ಬೋಗುಣಿಯ ಕಡೆ ಬೆರಳು ಮಾಡಿ 'ಅವರೆ' ಅಂದರು. ದೂರದ ತಮ್ಮ ಊರಿನ ಕಡೆ ಬೆರಳು ಮಾಡಿ, ಎರಡು ತಾಳ ಹಿಡಿದು, 'ಅವರೇ' ಅಂದರು.

ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು, ಆದರೆ ನಾವಿಬ್ಬರೂ ಜಗಳ ಆಡಿದೆವು. ಅಕ್ಕನಿಗೆ ನೆನಪಾಯಿತು, ಅಜ್ಜಿಯ ಮನೆಯಲ್ಲಿ ಕೋಳಿ ಸಾಕಿದ್ದರು, ಊರಿಗೆಲ್ಲ ಮೊಟ್ಟೆ ಅಲ್ಲಿಂದಲೇ ಹೋಗುತ್ತಿತ್ತು. ಖಾಲಿ ಬಿಟ್ಟ ಜಾಗದಲ್ಲಿ 'ಮೊಟ್ಟೆ' ಎಂದು ಬರೆ ಅಂದರು. ನನಗೆ ಕೇಳಿಸಿಲ್ಲ, ಬರೆಯುವುದಿಲ್ಲ ಅಂದೆ. ಕೇಳಿಸದಿದ್ದರೇನು, ನನಗೆ ಗೊತ್ತಲ್ಲ ಎಂದು ಅವರು ದನಿ ಏರಿಸಿದರು. ನಿಮಗೆ ಗೊತ್ತಿರುವುದು ನಿಮ್ಮ ಹತ್ತಿರ ಇರಲಿ, ನನ್ನ ಕಿವಿಗೆ ಬೀಳದ್ದನ್ನು ಬರೆದರೆ ನನಗೂ ಆ ಯಂತ್ರಕ್ಕೂ ಏನು ವ್ಯತ್ಯಾಸ ಎಂದು ನಾನೂ ಏರಿಸಿದೆ. ಎರಡು ದಿನ ಬೇಲಿಯ ಆಚೆ ಈಚೆ ಮುಖ ತಿರುಗಿಸಿಕೊಂಡು ಬಟ್ಟೆ ಒಣಗಿಸಿದೆವು. ಮೂರನೆಯ ದಿನ ನನ್ನ ಗಂಡ ಇಬ್ಬರಿಗೂ ಚಹಾ ಮಾಡಿ, ಲೋಟಗಳನ್ನು ಬೇಲಿಗಿಡದ ಮೇಲಿಡಲು ಹೋಗಿ ಎರಡನ್ನೂ ಚೆಲ್ಲಿದರು. ನಗದೆ ಬೇರೆ ದಾರಿ ಇರಲಿಲ್ಲ. ಅಕ್ಕ ನನ್ನ ಪ್ರತಿಯನ್ನು ಖಾಲಿ ಜಾಗದ ಸಮೇತ ಕಳಿಸಿಕೊಟ್ಟರು.

ಪ್ರಾಧ್ಯಾಪಕಿ ವಿಡಿಯೋ ಕಾಲ್‌ನಲ್ಲಿ ಬಂದು ನನ್ನನ್ನು ಹೊಗಳುತ್ತಾರೆ ಎಂದು ಹೊಸ ಸಲ್ವಾರ್ ಹಾಕಿಕೊಂಡು ಕೂತಿದ್ದೆ. ಅವರು ಹೊಗಳಲಿಲ್ಲ. ಇನ್ನೂ ಮೂವರಿಗೆ, ಏನೂ ಹೇಳದೆ, ಬೇರೆ ಬೇರೆ ಕೂರಿಸಿ ಕೇಳಿಸುತ್ತೇನೆ ಎಂದರು. ನನಗೆ ಮೈ ಉರಿಯಿತು. ಇಷ್ಟು ವರ್ಷದ ಕಿವಿಯ ಮೇಲೆ ಅನುಮಾನವೇ ಎಂದು ರಾತ್ರಿಯ ಅಡುಗೆಗೆ ಎರಡು ಸಲ ಉಪ್ಪು ಹಾಕಿದೆ. ವಾರ ಕಳೆದ ಮೇಲೆ ಉತ್ತರ ಬಂತು. ಮೂವರಲ್ಲಿ ಇಬ್ಬರು 'ಸೇಮ್' ಎಂದು ಬರೆದಿದ್ದರು, ಒಬ್ಬರು ಖಾಲಿ ಬಿಟ್ಟಿದ್ದರು. ಆ ಇಬ್ಬರಲ್ಲಿ ಒಬ್ಬಳು ಅದೇ ಸೀಮೆಯ ಹುಡುಗಿ. ನನಗೆ ಸಿಗದ ಪದ ಅವಳಿಗೆ ಸಿಕ್ಕಿತ್ತು. ಅಲ್ಲಿನ ಹಳಬರು 'ಎಗ್ಸ್' ಅನ್ನುವುದನ್ನು 'ಏಗ್ಸ್' ಎಂದು ಎಳೆಯುತ್ತಾರಂತೆ. ಮೊಟ್ಟೆಯೇ. ಅಕ್ಕ ನನ್ನ ಕಡೆ ನೋಡಿದ ನೋಟ ಇನ್ನೂ ಮರೆತಿಲ್ಲ.

ಆದರೆ ಪ್ರಾಧ್ಯಾಪಕಿ ಕೊನೆಯಲ್ಲಿ ಹೇಳಿದ ಮಾತು ನನ್ನ ಕಡೆಗಿತ್ತು. ನಾನು ಕೇಳಿಸದೆಯೇ 'ಮೊಟ್ಟೆ' ಎಂದು ತುಂಬಿದ್ದರೆ, ನಾನು ಬರೆದ 'ಸೇಮ್' ಅನ್ನೂ ಅವರು ನಂಬುತ್ತಿರಲಿಲ್ಲವಂತೆ. ಆ ಮಾತನ್ನು ನಮ್ಮ ಮನೆಯಲ್ಲಿ ವಾರವಿಡೀ ಎಲ್ಲರೂ ಕೇಳಬೇಕಾಯಿತು.

ಫಲಕದಿಂದ 'ಅಪರಿಚಿತರು' ಹೋಯಿತು. ಅವನ ಮನೆಯ ಬಾಗಿಲಿಗೆ ವಾರ ವಾರ ಮೊಟ್ಟೆಗೆಂದು ಬರುತ್ತಿದ್ದ ಇದೇ ಊರಿನ ಜನ ಅವನನ್ನು ಕೊಂದರು ಎಂಬ ಅರ್ಥದ ಸಾಲು ಬಂತು. ಬೇಸಿಗೆ ರಜೆಯಲ್ಲಿ ಅಕ್ಕ ಹೋಗಿ, ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಕಳಿಸಿದರು. ಹಳದಿ ಉಡುಪು, ದೊಡ್ಡ ಟೋಪಿ, ಬಾಯಿ ತುಂಬ ನಗು. ನನಗಾದ ಸಂತೋಷ ಸ್ವಂತ ಅಕ್ಕನ ಮಗಳ ಮದುವೆಯಲ್ಲೂ ಆಗಿರಲಿಲ್ಲ.

ವಾಪಸು ಬಂದವರು ಪೀಚ್ ಜಾಮಿನ ಬಾಟಲಿಯ ಜೊತೆ ಒಂದು ಪ್ರಶ್ನೆಯನ್ನೂ ತಂದಿದ್ದರು. 'ನಿನ್ನ ಊರಿನ ಯಾರೋ ಯಾರು?' ಎಂದು ಕೇಳಿದರು. ನಮ್ಮ ಊರಲ್ಲಿ ಅಂಥದ್ದೆಲ್ಲ ಆಗಿಲ್ಲ ಎಂದು ಥಟ್ಟನೆ ಹೇಳಿ, ಬಾಟಲಿ ಹಿಡಿದು ಒಳಗೆ ಬಂದೆ. ಅದನ್ನು ಫ್ರಿಜ್ಜಿನಲ್ಲಿ ಇಡುವಾಗ ನೆನಪಾಯಿತು.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ನಮ್ಮ ಬೀದಿಗೆ ಒಬ್ಬ ಕಲಾಯಿಯವನು ಬರುತ್ತಿದ್ದ. ಹಿತ್ತಾಳೆ ಪಾತ್ರೆಯ ಒಳಗೆ ಬೆಳ್ಳಗೆ ತವರ ಬಳಿದು ಕೊಡುವವನು. ಬೇರೆ ಭಾಷೆ, ಬೇರೆ ಸೀಮೆ. ನಮಗೆ ಬೆಂಕಿ ಊದುವ ತಿದಿ ಒತ್ತಲು ಕೊಡುತ್ತಿದ್ದ. ಒಂದು ವರ್ಷ ಬರುವುದು ನಿಂತಿತು. ಮಕ್ಕಳ ಕಳ್ಳ ಅಂದುಕೊಂಡು 'ಯಾರೋ ಹೊಡೆದರಂತೆ' ಎಂದು ಅಮ್ಮ ಹೇಳಿದ್ದಳು. ನಾನು ಅದನ್ನೇ ನಂಬಿ ಇಷ್ಟು ವರ್ಷ ಬಂದಿದ್ದೆ.

ಅಮ್ಮ ಈಗ ತುಮಕೂರಿನಲ್ಲಿ ನನ್ನ ತಂಗಿಯ ಜೊತೆ ಇದ್ದಾಳೆ. ಮಾರನೆಯ ಬೆಳಿಗ್ಗೆಯೇ ಫೋನ್ ಮಾಡಿ, ರೆಕಾರ್ಡ್ ಮಾಡಿಕೊಳ್ಳಲೇ ಎಂದು ಮೊದಲು ಕೇಳಿದೆ. ಮಾಡ್ಕೋ ಅಂದಳು. ಆಮೇಲೆ ಕಲಾಯಿಯವನ ವಿಷಯ ಎತ್ತಿದೆ. ಹಿಂದೆ ತಂಗಿಯ ಕುಕ್ಕರ್ ಎರಡು ಸಲ ಕೂಗಿತು.

'ಯಾರೋ ಅಂದಿದ್ದು ನೀನು ಚಿಕ್ಕೋಳು ಅಂತ' ಅಂದಳು ಅಮ್ಮ. 'ಯಾರೋ ಅಲ್ಲ ಕಣೆ. ಹಿಂದಿನ ವಾರ ಪಾತ್ರೆಗೆ ಕಲಾಯಿ ಹಾಕಿಸ್ಕೊಂಡೋರೇ. ಅವರೇ.'

ಬದುಕಿದನೇ ಎಂದು ಕೇಳಿದೆ. ಇಲ್ಲ ಅಂದಳು. ಅವನ ಹೆಸರು ಕೇಳಿದೆ. ಕಲಾಯಿಯವನು ಅಂತಲೇ ಕರೆಯುತ್ತಿದ್ದೆವು, ಹೆಸರು ಯಾರೂ ಕೇಳಿರಲಿಲ್ಲ ಅಂದಳು. ಟೈಪ್ ಮಾಡುವಾಗ ಅಲ್ಲಿ ಜಾಗ ಖಾಲಿ ಬಿಟ್ಟಿದ್ದೇನೆ.

ಫೋನ್ ಇಡುತ್ತೇನೆ ಎನ್ನುವಷ್ಟರಲ್ಲಿ, ನಾನು ಕೇಳದೇ ಇದ್ದದ್ದನ್ನು ಅಮ್ಮ ತಾನಾಗಿ ಹೇಳಿದಳು. 'ನಮ್ಮನೆ ಕಡೆ ಓಡಿಬಂದ. ಬಾಗ್ಲು ತಟ್ಟಿದ. ನಿಮ್ಮಪ್ಪ ಊರಲ್ಲಿರಲಿಲ್ಲ. ಚಿಲ್ಕ ಹಾಕಿದ್ದು ನಾನೇ.'

ಕುಕ್ಕರ್ ಮತ್ತೆ ಕೂಗಿತ್ತು, ಆದರೂ ರೆಕಾರ್ಡಿನಲ್ಲಿ ಆ 'ನೇ' ಉದ್ದವಾಗಿ, ಸ್ಪಷ್ಟವಾಗಿ ಕೇಳಿಸುತ್ತದೆ. ಇದ್ದ ಹಾಗೆಯೇ ಟೈಪ್ ಮಾಡಿದೆ.