ಹತ್ತು ಸಾವಿರದ ನಾನೂರ ಮೂರು

ಹೆಚ್ಚುವರಿಯಾಗಿ ಒಂದೇ ಒಂದು ಟೈಲು ತರಿಸುವುದೆಂದರೂ ನಮ್ಮ ಟೈಲ್ಸ್ ಮೇಸ್ತ್ರಿಗೆ ತನ್ನ ಕೈಯನ್ನು ತಾನೇ ಅನುಮಾನಿಸಿದಂತೆ. ಬೇರೆಯವರು ಒಡೆದೀತೆಂದು ಐವತ್ತು ಜಾಸ್ತಿ ತರಿಸುತ್ತಾರೆ, ಇವನು ಬೇಕಾದಷ್ಟೇ. ಟೈಲನ್ನು ಒಮ್ಮೆ ತಟ್ಟಿದರೆ ಸಾಕು, ಮುಂದಿನ ನಲವತ್ತು ವರ್ಷದಲ್ಲಿ ಅದು ಯಾವ ಮಂಗಳವಾರ ಬಿರುಕು ಬಿಡುತ್ತದೆಂದು ಹೇಳುವ ಕಿವಿ ಅವನದು.

ಗ್ರಂಥಾಲಯದ ಹಿಂದಿನ ಅಂಗಳಕ್ಕೆ, ಸುತ್ತ ಗಿಡಗಳಿಗೆ ಮಣ್ಣು ಬಿಟ್ಟು, ನೆಲ ಹಾಕಿಕೊಡಿ ಎಂದಷ್ಟೇ ಕೇಳಿದ್ದರು. ಚೌಕವೇ ಆಗಬೇಕೆಂಬುದು ಇವನ ಹಠ. ಸಾಲಿಗೆ ನೂರ ಎರಡು, ಅಂಥ ನೂರ ಎರಡು ಸಾಲು. ಒಟ್ಟು ಹತ್ತು ಸಾವಿರದ ನಾನೂರ ನಾಲ್ಕು ಟೈಲು.

"ಭಾವ, ನಾಲ್ಕಾದ್ರೂ ಜಾಸ್ತಿ ತರಿಸಿ," ಎಂದ, ಅದೇ ಕೆಲಸ ಮಾಡುವ ಷಡ್ಡಕ.

"ಒಂದು ಕಮ್ಮಿ ಬಿದ್ರೂ ಈ ಗಾರೆ ಕರಣೆ ನಿನ್ನ ಕೈಗೆ ಕೊಟ್ಟು ಮನೇಲಿ ಕೂರ್ತೀನಿ ಕಣೋ."

ಸಿಮೆಂಟ್ ಹಾಕುವ ಮುಂಚೆ ಎಲ್ಲವನ್ನೂ ಮರಳಿನ ಮೇಲೆ ಬರಿದೇ ಜೋಡಿಸಿ ನೋಡುವುದು ಮೇಸ್ತ್ರಿಯ ಕ್ರಮ. ಕೊನೆಯ ಟೈಲು ಕೈಯಲ್ಲಿತ್ತು. ಅಭ್ಯಾಸಬಲದಿಂದ ಕರಣೆಯ ಹಿಡಿಯಲ್ಲಿ ತಟ್ಟಿದ. ಎರಡು ಹೋಳಾಯಿತು. ಕಾರ್ಖಾನೆಯವರು ಹೋದ ತಿಂಗಳೇ ಆ ಅಚ್ಚನ್ನು ಕೈಬಿಟ್ಟಿದ್ದರು, ಇನ್ನೊಂದು ಸಿಗುವಂತಿರಲಿಲ್ಲ.

ಉಳಿದದ್ದು ಹತ್ತು ಸಾವಿರದ ನಾನೂರ ಮೂರು. ಬೇರೆ ಅಳತೆಯಲ್ಲಾದರೂ ಸಮವಾಗಿ ಕೂತೀತೇ ಎಂದು ಸಿಮೆಂಟ್ ಚೀಲದ ಕಾಗದದ ಮೇಲೆ ಭಾಗಿಸತೊಡಗಿದ. ಎರಡರಿಂದ ಹೋಗಲಿಲ್ಲ. ಏಳು ಒಂದನ್ನು ಉಳಿಸಿ ಅಣಕಿಸಿತು, ಹದಿಮೂರು ಮೂರನ್ನು ಉಳಿಸಿತು. ಪೆನ್ಸಿಲ್ಲು ಸವೆದು ಅಕ್ಕಿಕಾಳಿನಷ್ಟಾಯಿತು. ನೂರರವರೆಗೆ ಹೋಗಿ ನಿಲ್ಲಿಸಿದ. ನೂರರಾಚೆಗೆ ಯಾವ ಪುಣ್ಯಾತ್ಮ ಹೋಗುತ್ತಾನೆ?

ಊಟದ ಡಬ್ಬಿ ತಂದ ಹೆಂಡತಿ ಕೊನೆಯ ಸಾಲಿನ ತುದಿಯ ಕಿಂಡಿ ನೋಡಿದಳು.

"ಹಲ್ಲು ಬಿದ್ದ ಸಾಲು ಅಲ್ಲ್ಯಾಕೆ? ಇಡೀ ಸಾಲು ಎತ್ತಿ ಪಕ್ಕಕ್ಕೆ, ಮಿಕ್ಕ ಸಾಲಿಗೆ ಒಂದೊಂದರಂತೆ ಜೋಡಿಸಿ."

"ಪಕ್ಕದಲ್ಲಿ ಕಿಂಡಿ ಬೀಳಲ್ವೇನೇ?"

"ಸಾಲಲ್ಲಿ ಎಷ್ಟಿವೆ?"

"ನೂರ ಒಂದು."

"ಅದನ್ನ ಎತ್ತಿದ ಮೇಲೆ ಉಳಿಯೋ ಸಾಲು?"

ಮೇಸ್ತ್ರಿ ಎತ್ತಿದ ತುತ್ತನ್ನು ಡಬ್ಬಿಗೇ ಹಾಕಿ ಎಣಿಸಿದ. ಅದೂ ನೂರ ಒಂದೇ.

ಇಬ್ಬರೂ ಎತ್ತಿ ಜೋಡಿಸಿದರು. ಒಂದು ಕಡೆ ನೂರ ಒಂದು, ಇನ್ನೊಂದು ಕಡೆ ನೂರ ಮೂರು. ಒಂದೂ ಹೆಚ್ಚಿಲ್ಲ, ಕಮ್ಮಿಯಿಲ್ಲ. ಅವನು ದಣಿದು ನಿಲ್ಲಿಸಿದ ಜಾಗದ ಮುಂದಿನ ಹೆಜ್ಜೆಯಲ್ಲೇ ಉತ್ತರ ಕಾಲು ಚಾಚಿ ಕೂತಿತ್ತು.

ನಂಬಿಕೆ ಬರದೆ ಒಡೆದ ಟೈಲನ್ನು ಇನ್ನಷ್ಟು ಕುಟ್ಟಿ, ಚೂರುಗಳನ್ನು ಮೂರು ಸಾಲಲ್ಲಿ ಮೂರರಂತೆ ಇಟ್ಟು ಒಂದನ್ನು ತೆಗೆದ. ಎಂಟು, ಎರಡು ಸಾಲಲ್ಲಿ ನಾಲ್ಕರಂತೆ ಕೂತಿತು. ಹದಿನಾರರಲ್ಲಿ ಒಂದು ತೆಗೆದರೆ ಮೂರು ಸಾಲು, ಐದರಂತೆ. ಎಷ್ಟೇ ದೊಡ್ಡ ಚೌಕವಿರಲಿ, ಒಂದು ಹೋದರೆ ಉಳಿದದ್ದು ಹೀಗೇ ಸರಿದು ಕೂರುತ್ತದೆ. ಒಂದು ಕಮ್ಮಿ ಬಿದ್ದೀತೆಂದು ಇಷ್ಟು ವರ್ಷ ಹೆದರಿದ್ದು ಇದಕ್ಕೇನಾ ಎಂದು ಅನ್ನ ಆರುವವರೆಗೂ ಕೂತ.

ಮಧ್ಯಾಹ್ನ ಷಡ್ಡಕ ಬಂದು ಅಂಗಳವನ್ನೆಲ್ಲ ಸುತ್ತಿದ. ಅವನಿಗೆ ತಪ್ಪೇನೂ ಸಿಗಲಿಲ್ಲ. ಮೇಸ್ತ್ರಿ ಸುಮ್ಮನಿದ್ದರೆ ಆಗುತ್ತಿತ್ತು, ಆಗಲಿಲ್ಲ.

"ಒಂದು ಒಡೆದೆ ಕಣೋ. ಇದು ಚೌಕ ಅಲ್ಲ. ತಗೋ," ಎಂದು ಕರಣೆ ಚಾಚಿದ.

ಷಡ್ಡಕ ಕೈಯೊಡ್ಡಿದ.

"ಇವರನ್ನೂ ಕರ್ಕೊಂಡು ಹೋಗಪ್ಪ," ಎಂದಳು ಹೆಂಡತಿ. "ಮನೇಲಿ ಕೂತ್ರೆ ಗೋಡೆ ಸೊಟ್ಟ, ಬಾಗಿಲು ಸೊಟ್ಟ, ನಾನೂ ಸೊಟ್ಟ ಅಂತಾರೆ."

ಷಡ್ಡಕ ಕೈ ಹಿಂದಕ್ಕೆಳೆದುಕೊಂಡ. ನೆಲವನ್ನು ಇನ್ನೊಮ್ಮೆ ನೋಡಿದ.

"ಎಲ್ಲಿ ಅತ್ತಿಗೆ ಕಮ್ಮಿ ಬಿದ್ದಿದೆ? ನನಗಂತೂ ಕಾಣ್ತಿಲ್ಲ," ಎಂದವನೇ ಸಿಮೆಂಟ್ ಕಲಸಲು ನೀರು ತರಹೋದ.